ಅಂಕಪಟ್ಟಿಯನ್ನು ಹಲಗೆಗೆ ಅಂಟಿಸಿ

ಪರೀಕ್ಷೆ ನಡೆದ ಮೇಲೆ ಫಲಿತಾಂಶವನ್ನು ಹಲಗೆಗೆ ಅಂಟಿಸಬೇಕು. ಶಾಲೆಯ ಕಟ್ಟಳೆ ಅದು. ಏಳನೆಯ ತರಗತಿಯ ಮಗುವಿನ ಅಂಕಗಳನ್ನು ಮುಚ್ಚಿಟ್ಟರೆ ಮರುದಿನವೇ ತಂದೆತಾಯಿ ಹೆಡ್‌ಮಾಸ್ತರರ ಕೋಣೆಯ ಮುಂದೆ ನಿಂತಿರುತ್ತಾರೆ. ಆದರೆ ಕೈಗಾದ ಅಣುಸ್ಥಾವರದ ಗೋಡೆಗಳು ಎದುರಿಸುವ ಪರೀಕ್ಷೆಯ ಮಾತೆತ್ತಿದರೆ, "ಟೀಚರೇ, ಅದೆಲ್ಲ ನಿಮಗೆ ಅರ್ಥವಾಗುವ ವಿಷಯವಲ್ಲ" ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ನನ್ನ ಜಗಳ ಇರುವುದು ಈ ಮಾತಿನ ಜತೆಗೆ.

ಅರ್ಥವಾಗದೇ ಇರುವಂಥದ್ದು ಅದರಲ್ಲಿ ಏನಿದೆ? ಸೈಕಲ್ ಅಂಗಡಿಯವನು ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಾನೆ. ರಿಯಾಕ್ಟರನ್ನು ಸುತ್ತುವರಿದ ಕಾಂಕ್ರೀಟ್ ಕಟ್ಟಡವನ್ನು ನೀರಿನಲ್ಲಿ ಅದ್ದುವಂತಿಲ್ಲ. ಆದ್ದರಿಂದ ಬಾಗಿಲು, ಕೊಳವೆಗಳನ್ನೆಲ್ಲ ಮುಚ್ಚಿ, ಒಳಗೆ ಗಾಳಿಯ ಒತ್ತಡ ಏರಿಸಿ, ಗಂಟೆಗಟ್ಟಲೆ ಕಾದು, ಒತ್ತಡ ಎಷ್ಟು ಇಳಿಯಿತೆಂದು ಲೆಕ್ಕ ಹಾಕುತ್ತಾರೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ಉಷ್ಣತೆ, ತೇವಾಂಶಗಳನ್ನೂ ಅಳೆಯಬೇಕು. ಹೈಸ್ಕೂಲಿನ ಹುಡುಗಿಗೆ ಇದನ್ನು ಅರ್ಧ ಗಂಟೆಯಲ್ಲಿ ತಿಳಿಸಿಕೊಡಬಹುದು. ಒಳಗೆ ಅನಾಹುತವಾದರೆ ವಿಷ ಹೊರಗೆ ಬಾರದಂತೆ ತಡೆಯುವ ಕೊನೆಯ ಗೋಡೆ ಅದು. ಆ ಗೋಡೆ ಎಷ್ಟು ಸೋರುತ್ತದೆ ಎಂಬುದು ಗೋಡೆಯ ಹೊರಗಿರುವವರ ಪ್ರಶ್ನೆಯಲ್ಲದೆ ಮತ್ತೆ ಯಾರ ಪ್ರಶ್ನೆ?

ಕೈಗಾದ ಕತೆಯನ್ನೇ ನೋಡಿ. 1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲೂ ಈ ಸ್ಥಾವರದ ವಿರುದ್ಧವೇ ನಿಂತರು, ಸೋತರು. "ಮುದುಕರಿಗೆ ಯಾಕೆ ಈ ಉಸಾಬರಿ" ಎಂದವರಿದ್ದರು. 1994ರ ಮೇ 13ರಂದು ಮೊದಲನೆಯ ಘಟಕದ ಒಳಗುಮ್ಮಟದ ಕೆಳಪದರ ಕಳಚಿಕೊಂಡು ನೂರಕ್ಕೂ ಹೆಚ್ಚು ಟನ್ ಕಾಂಕ್ರೀಟ್ ಕೆಳಗೆ ಬಿತ್ತು. ಕೆಲಸಗಾರರು ಗಾಯಗೊಂಡರು. ಸ್ಥಾವರ ಇನ್ನೂ ಕಟ್ಟಡದ ಹಂತದಲ್ಲಿತ್ತು, ಇಂಧನ ತುಂಬಿರಲಿಲ್ಲ. ಅದು ನಮ್ಮ ಪುಣ್ಯ. ಗುಮ್ಮಟದ ವಿನ್ಯಾಸವನ್ನು ತಿದ್ದಿ ಮತ್ತೆ ಕಟ್ಟಿದರು. 2000ದಲ್ಲಿ ಕೈಗಾ ವಾಣಿಜ್ಯ ವಿದ್ಯುತ್ ಉತ್ಪಾದನೆ ಆರಂಭಿಸಿತು. ಅದೇ ಮೊದಲನೆಯ ಘಟಕ 2018ರ ಡಿಸೆಂಬರ್ 31ರ ವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಲ್ಲಿನ ಎಂಜಿನಿಯರರ ದುಡಿಮೆಗೆ ಗೌರವವಿದೆ. ಆದರೆ ತರಗತಿಗೆ ಒಂದು ದಿನವೂ ತಪ್ಪಿಸದ ಹುಡುಗ ಗಣಿತದಲ್ಲಿ ಪಾಸಾದನೆಂದು ಹಾಜರಿ ಪುಸ್ತಕ ನೋಡಿ ಹೇಳಲಾಗುತ್ತದೆಯೇ? ಹಾಜರಿ ಬೇರೆ, ಅಂಕ ಬೇರೆ.

ಈಗ ಕೈಗಾದಲ್ಲಿ 700 ಮೆಗಾವಾಟಿನ ಮತ್ತೆರಡು ಘಟಕಗಳು ಬರಲಿವೆ. 2018ರಲ್ಲಿ ಸಾರ್ವಜನಿಕ ಅಹವಾಲು ನಡೆಯಿತು, 2019ರಲ್ಲಿ ಪರಿಸರ ಅನುಮತಿ ಸಿಕ್ಕಿತು. ಹಳೆಯ 220 ಮೆಗಾವಾಟಿನ ಘಟಕಗಳಲ್ಲಿ ಕಾಂಕ್ರೀಟಿನ ಒಳಮೈಗೆ ಬಣ್ಣದಂಥ ಲೇಪ ಮಾತ್ರ ಇದೆ. ಹೊಸ ಮಾದರಿಯಲ್ಲಿ ಉಕ್ಕಿನ ತಗಡಿನ ಒಳಪದರ ಇರುತ್ತದೆ. ರವಕೆಗೆ ಲೈನಿಂಗ್ ಕೊಡುತ್ತೇವಲ್ಲ, ಹಾಗೆ. ಒಳ್ಳೆಯದೇ. ಆದರೆ "ಉಕ್ಕು ಇದೆ, ಇನ್ನೇನು ಭಯ" ಎನ್ನುವವರು ಅಮೆರಿಕದ ಬೀವರ್ ವ್ಯಾಲಿಯ ಸುದ್ದಿ ಕೇಳಬೇಕು. ಅಲ್ಲಿ 2009ರಲ್ಲಿ ಒಳಗೋಡೆಯ ಬಣ್ಣ ಒಂದು ಕಡೆ ಉಬ್ಬಿದ್ದು ಕಾಣಿಸಿತು. ಕೆರೆದು ನೋಡಿದರೆ ಉಕ್ಕಿನ ತಗಡಿಗೆ ತೂತು! ಕಟ್ಟುವಾಗ ಕಾಂಕ್ರೀಟಿನೊಳಗೆ ಮರೆತುಬಿಟ್ಟ ಒಂದು ಮರದ ತುಂಡು ತೇವ ಹಿಡಿದು, ಹಿಂದಿನಿಂದ ತಗಡನ್ನು ತುಕ್ಕಾಗಿಸಿ ತಿಂದಿತ್ತು. 1976ರಿಂದ ನಡೆಯುತ್ತಿದ್ದ ಘಟಕ ಅದು. ತೂತನ್ನು ಹಿಡಿದದ್ದು ಗಾಳಿ ತುಂಬುವ ಪರೀಕ್ಷೆಯಲ್ಲ, ಮನುಷ್ಯನ ಕಣ್ಣು.

ಇದರಿಂದ ನಾನು ಕಲಿತದ್ದು ಎರಡು. ಒಮ್ಮೆ ಪಾಸಾದ ಗೋಡೆ ಕೊನೆತನಕ ಪಾಸಲ್ಲ. ಉಪ್ಪುಗಾಳಿಯ ಮಂಗಳೂರಿನಲ್ಲಿ ಗೇಟಿನ ಕಬ್ಬಿಣ ಏನಾಗುತ್ತದೆಂದು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ನೋಡುವ ಕಣ್ಣುಗಳು ಹೆಚ್ಚಿದಷ್ಟೂ ಒಳ್ಳೆಯದು. ನಮ್ಮಲ್ಲಿ ನಡೆದದ್ದು ಇದಕ್ಕೆ ತಿರುಗಾಮುರುಗಾ. 1962ರ ಅಣುಶಕ್ತಿ ಕಾಯ್ದೆಯ 18ನೆಯ ಕಲಮು ಮಾಹಿತಿಯನ್ನು ಗುಟ್ಟಾಗಿಡಲು ಸರಕಾರಕ್ಕೆ ಅಧಿಕಾರ ಕೊಟ್ಟಿತ್ತು. ಅಣುಶಕ್ತಿ ನಿಯಂತ್ರಣ ಮಂಡಳಿಯೇ 1995ರಲ್ಲಿ ತಯಾರಿಸಿದ ಸುರಕ್ಷತಾ ವರದಿ ಆ ಕಲಮಿನ ಮರೆಯಲ್ಲೇ ಉಳಿಯಿತು. ಸುಪ್ರೀಂ ಕೋರ್ಟಿನ ತನಕ ಹೋದರೂ 2004ರಲ್ಲಿ ಅದು ಜನರ ಕೈಗೆ ಬರಲಿಲ್ಲ. ಆ ಮಂಡಳಿಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲವೆಂದು 2012ರಲ್ಲಿ ಮಹಾಲೇಖಪಾಲರೇ ಬರೆದರು. ಬರೆದವನೇ ತನ್ನ ಉತ್ತರ ಪತ್ರಿಕೆ ತಿದ್ದಿ, ಅಂಕವನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅದಕ್ಕೆ ನಮ್ಮ ಊರಲ್ಲಿ ಪರೀಕ್ಷೆ ಎನ್ನುವುದಿಲ್ಲ.

"ಜನರಿಗೆ ಹೇಳಿದರೆ ಗಾಬರಿಯಾಗುತ್ತಾರೆ" ಎಂಬುದು ಇನ್ನೊಂದು ಸಬೂಬು. ಗಾಬರಿ ಹುಟ್ಟುವುದು ತಿಳಿದದ್ದರಿಂದಲ್ಲ, ಮುಚ್ಚಿಟ್ಟದ್ದರಿಂದ. ಅಂಕಿಯೇ ಸಿಗದಿದ್ದಾಗ ಅಂತೆಕಂತೆಗಳು ಬಸ್ ಸ್ಟ್ಯಾಂಡಿನಲ್ಲಿ ಹುಟ್ಟಿ ಮೀನು ಮಾರ್ಕೆಟ್ಟಿನಲ್ಲಿ ಬೆಳೆಯುತ್ತವೆ. ಸ್ಥಾವರವೇ ಬೇಡವೆನ್ನುವವರಿಗೂ ಬೇಕೆನ್ನುವವರಿಗೂ ವಾದಿಸಲು ಗಟ್ಟಿ ನೆಲ ಬೇಡವೇ?

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ಘಟಕದ ಸೋರಿಕೆ ಪರೀಕ್ಷೆ ಯಾವತ್ತು ನಡೆಯಿತು, ಎಷ್ಟು ಸೋರಬಹುದಿತ್ತು, ಎಷ್ಟು ಸೋರಿತು, ಏನು ದುರಸ್ತಿಯಾಯಿತು, ಮುಂದಿನ ಪರೀಕ್ಷೆ ಯಾವಾಗ — ಈ ಐದು ಸಾಲು ಕನ್ನಡದಲ್ಲಿ, ಸ್ಥಾವರದ ಸುತ್ತಲಿನ ಪ್ರತಿ ಪಂಚಾಯತಿನ, ಪ್ರತಿ ಶಾಲೆಯ ಹಲಗೆಯ ಮೇಲೆ ಬರಲಿ. ಹೊಸ ಘಟಕಗಳ ಉಕ್ಕಿನ ತಗಡಿಗೆ ಬೆಸುಗೆ ಬೀಳುವ ಮೊದಲೇ ಈ ಪದ್ಧತಿ ಜಾರಿಯಾಗಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಒಂದು ಹಾಳೆ ಕಾಗದ, ನಾಲ್ಕು ಗುಂಡುಪಿನ್ನು. ಸಾವಿರಾರು ಕೋಟಿಯ ಯೋಜನೆಗೆ ಇದೂ ಒಂದು ಖರ್ಚೇ?