ನಿಂಬೆಹಣ್ಣಿನ ವಿದ್ಯುತ್ಕೋಶ

ಬಂಡೂರಿನ ಮಕ್ಕಳಿಗೆ ವಿದ್ಯುತ್ತಿನ ಕಥೆ ದೂರದ್ದಲ್ಲ. ಅವರ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅಲ್ಲಿ ದುಡಿಯುವುದು ಧುಮುಕುವ ಕಾವೇರಿ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ಹೂಡುವ ನಿಂಬೆಯ ಕೋಶದಲ್ಲಿ ದುಡಿಯುವುದು ಯಾವುದು? ಹಣ್ಣೆಂದು ಅವರು ಹೇಳುವರು, ನಾವು ಅಲ್ಲವೆನ್ನುವೆವು.

ನಾಲ್ಕು ನಿಂಬೆಹಣ್ಣುಗಳನ್ನು ಮೆತ್ತಗಾಗುವಂತೆ ಅದುಮಿ, ಒಂದೊಂದಕ್ಕೂ ಸತುವಿನ ಲೇಪವುಳ್ಳ ಮೊಳೆಯನ್ನೂ ತಾಮ್ರದ ತಂತಿಯನ್ನೂ ಒಂದಕ್ಕೊಂದು ತಾಕದಂತೆ ಚುಚ್ಚಬೇಕು. ಒಂದರ ತಾಮ್ರವನ್ನು ಮುಂದಿನದರ ಮೊಳೆಗೆ ಜೋಡಿಸುತ್ತ ಹೋಗಬೇಕು. ಹಣ್ಣೊಂದಕ್ಕೆ ಸುಮಾರು 0.9 ವೋಲ್ಟ್ ದೊರೆಯುವುದು. ಕೊನೆಗುಳಿದ ತಾಮ್ರಕ್ಕೆ ಕೆಂಪು ಎಲ್‌ಇಡಿಯ ಉದ್ದದ ಕಾಲನ್ನೂ, ಮೊದಲ ಮೊಳೆಗೆ ಗಿಡ್ಡ ಕಾಲನ್ನೂ ಮುಟ್ಟಿಸಿದರೆ ಕತ್ತಲೆಯಲ್ಲಿ ಮಂದವಾದ ಬೆಳಕು ಕಾಣುವುದು. ಪ್ರವಾಹವು ಅತ್ಯಲ್ಪವಾದುದರಿಂದ ಟಾರ್ಚಿನ ಹಳೆಯ ಬಲ್ಬು ಇದರಿಂದ ಉರಿಯದು.

ಇಲ್ಲಿ ಕರಗಿ ಸವೆಯುವುದು ಸತು. ಹುಳಿರಸವು ಅದಕ್ಕೆ ಸಾಧನ ಮಾತ್ರ. ಇಟಲಿಯ ವೋಲ್ಟಾ ಪಂಡಿತನು 1800ರಲ್ಲಿ ಪ್ರಕಟಿಸಿದ ಕೋಶಕ್ಕೆ ಉಪ್ಪುನೀರೇ ಸಾಕಾಗಿದ್ದಿತು. ಸತುವು ರಸದಲ್ಲಿ ಬೆರೆತಿರುವುದರಿಂದ ಆ ಹಣ್ಣುಗಳಿಂದ ಪಾನಕ ಮಾಡಲಾಗದು; ಗೃಹಿಣಿಯರು ಅವನ್ನು ಎಸೆದುಬಿಡುವುದೇ ಲೇಸು. ಅದೇ ತಂತಿಯನ್ನು ಗೋಡೆಯ ಪ್ಲಗ್ಗಿಗೆ ತೂರಿಸಿದರೆ ಪ್ರಾಣಾಪಾಯವೆಂಬುದನ್ನು, ಮೊಳೆ ಚುಚ್ಚುವುದಕ್ಕೆ ಮೊದಲೇ ಹಿರಿಯರು ಮಕ್ಕಳಿಗೆ ಮನಗಾಣಿಸತಕ್ಕದ್ದು.