ಕಿವಿಗೆ ಮೌನ, ಮಾತಿಗೆ ಗದ್ದಲ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು; ಈಗ ಬೆಂಗಳೂರಿನ ಕಂಪೆನಿಯೊಂದರ ಉದ್ಯೋಗಿ. ತಿಂಗಳ ಹೆಚ್ಚಿನ ದಿನಗಳಲ್ಲಿ ಕಾಸರಗೋಡಿನ ಮನೆಯಿಂದಲೇ ಕೆಲಸ. ಕುಳಿತವಳು ಬಹಳ ಹೊತ್ತಿನ ಮೇಲೆ ಹೇಳಿದಳು: “ಮಾಷ್ಟ್ರೇ, ನನ್ನ ಇಂಗ್ಲಿಷ್ ಅವರಿಗೆ ಅರ್ಥವೇ ಆಗುವುದಿಲ್ಲ. ಪ್ರತಿ ಮೀಟಿಂಗಿನಲ್ಲೂ ಇನ್ನೊಮ್ಮೆ ಹೇಳಿ ಎನ್ನುತ್ತಾರೆ. ಈಗ ನಾನು ಮಾತಾಡುವುದನ್ನೇ ಕಡಿಮೆ ಮಾಡಿದ್ದೇನೆ.” ಅವಳ ತಮ್ಮನನ್ನು ಬರುವ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಮಾತೂ ಮನೆಯಲ್ಲಿ ಎದ್ದಿತ್ತು.

ಮರುದಿನ ಕೆಲಸದ ಸಲಕರಣೆಯಲ್ಲೇ ನನಗೆ ಕರೆಮಾಡಲು ತಿಳಿಸಿದೆ. ಕರೆ ಬಂತು. ಶೀಟಿನ ಮಾಡಿನ ಮೇಲೆ ಸುರಿಯುವ ಮಳೆ ಕೇಳಿಸಿತು, ಅಡುಗೆಮನೆಯ ಮಿಕ್ಸಿ ಕೇಳಿಸಿತು. ನಡುನಡುವೆ ಅವಳ ಮಾತಿನ ತುಂಡುಗಳು. ಅವಳಾಡಿದ್ದು ಕನ್ನಡವೇ ಆಗಿದ್ದರೂ ನಾನು ಮೂರು ಸಲ “ಏನು?” ಎಂದೆ.

ಅವಳ ವೈರ್‌ಲೆಸ್ ಹೆಡ್‌ಸೆಟ್ ಅಗ್ಗದ್ದಲ್ಲ. ‘ನಾಯ್ಸ್ ಕ್ಯಾನ್ಸಲಿಂಗ್’ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿತ್ತು. ಆದರೆ ಆ ಮಾತು ಯಾರ ಕಿವಿಯ ಕುರಿತಾದದ್ದು ಎಂಬುದನ್ನು ಅಂಗಡಿಯವನು ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ.

ಹೊರಗಿನ ಶಬ್ದವನ್ನು ಪುಟ್ಟ ಮೈಕಿನಿಂದ ಹಿಡಿದು, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ನುಡಿಸಿದರೆ ಎರಡೂ ಒಂದನ್ನೊಂದು ಅಳಿಸುತ್ತವೆ. ಜರ್ಮನಿಯ ಪಾಲ್ ಲ್ಯೂಗ್ ಈ ತತ್ತ್ವಕ್ಕೆ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. 1978ರಲ್ಲಿ ವಿಮಾನಪ್ರಯಾಣದ ನಡುವೆ ಎಂಜಿನ್ನಿನ ಸದ್ದಿನಿಂದ ಬೇಸತ್ತ ಅಮರ್ ಬೋಸ್ (ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು) ಇದರ ಬೆನ್ನುಹಿಡಿದರು. 1989ರಲ್ಲಿ ಅವರ ಕಂಪೆನಿ ವಿಮಾನಚಾಲಕರಿಗಾಗಿ ಹೆಡ್‌ಸೆಟ್ ತಂದಿತು. ಹೀಗೆ ಎಂಜಿನ್ನಿಗಾಗಿ ಬೆಳೆದ ವಿದ್ಯೆಯಿದು. ಫ್ಯಾನು, ಬಸ್ಸು, ಪಂಪ್‌ಸೆಟ್ಟುಗಳ ಒಂದೇ ಸಮನಾದ ತಗ್ಗು ಗುಂಯ್‌ಕಾರವನ್ನು ಅದು ಚೆನ್ನಾಗಿ ನುಂಗುತ್ತದೆ. ಮಗುವಿನ ಅಳು, ನಾಯಿಯ ಬೊಗಳು, ಪಕ್ಕದವರ ಮಾತು ಅಷ್ಟಾಗಿ ಅಡಗುವುದಿಲ್ಲ. ಮುಖ್ಯವಾಗಿ, ಅದು ಧರಿಸಿದವರ ಕಿವಿಗಷ್ಟೇ ಉಪಕಾರಿ. ನಮ್ಮ ಮಾತಿನೊಡನೆ ಆಚೆಗೆ ಸಾಗುವ ಗದ್ದಲವನ್ನು ಸೋಸುವುದು ಮೈಕಿನ ಬೇರೆಯೇ ಕೆಲಸ. ನಮ್ಮ ಹುಡುಗಿಗೆ ತನ್ನ ಕಿವಿಯಲ್ಲಿ ಶಾಂತಿಯಿದ್ದುದರಿಂದ ಆಚೆಯವರ ಪಾಡು ತಿಳಿಯಲೇ ಇಲ್ಲ.

ಆದುದರಿಂದ ಕಚೇರಿ ಕೆಲಸಕ್ಕೆ ಹೆಡ್‌ಸೆಟ್ ಕೊಳ್ಳುವವರು ಮೊದಲು ಮೈಕನ್ನು ನೋಡಬೇಕು. ಬಾಯಿಯ ಬಳಿಗೆ ಚಾಚುವ ಕಡ್ಡಿಯ ಮೈಕು ನೋಡಲು ಅಂದವಲ್ಲ ನಿಜ. ಆದರೆ ಬಾಯಿಗೂ ಮೈಕಿಗೂ ಅಂತರ ಇಮ್ಮಡಿಯಾದರೆ ಧ್ವನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ, ಸುತ್ತಲಿನ ಗದ್ದಲ ಕುಗ್ಗುವುದಿಲ್ಲ. ಅಂಗಡಿಯಲ್ಲಿ ಹಾಡು ಕೇಳಿ ಒಪ್ಪುವುದು ಮೋಸಹೋಗುವ ದಾರಿ. ಮೈಕು ತೆರೆದೊಡನೆ ಬ್ಲೂಟೂತ್ ಸಾಮಾನ್ಯವಾಗಿ ಧ್ವನಿಯನ್ನು ಕಿರಿದಾದ ಹಾದಿಗೆ ಇಳಿಸುತ್ತದೆ. ಹಾಡಿನಲ್ಲಿದ್ದ ಸೊಗಸು ಕರೆಯಲ್ಲಿರುವುದಿಲ್ಲ. ಫ್ಯಾನಿನ ಕೆಳಗೆ ನಿಂತು ನಾಲ್ಕು ಮಾತು ರೆಕಾರ್ಡ್ ಮಾಡಿ ಕೇಳುವುದೇ ಸರಿಯಾದ ಪರೀಕ್ಷೆ. ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆಗೆ ಬಂದರೆ ಸಂಪರ್ಕ ಹೆಚ್ಚು ಸ್ಥಿರ. ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತೆಗಳು ನಮ್ಮ ಕರಾವಳಿಯ ಬೆವರಿನಲ್ಲಿ ಎರಡು ಗಂಟೆಗೇ ಬೇಡವೆನಿಸಬಹುದು; ಮೆತ್ತೆ ಬದಲಿಸಲು ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಬ್ಯಾಟರಿಯ ಕುರಿತು ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ, ಈಗಿನ ಹೆಚ್ಚಿನವು ಒಂದು ದಿನದ ಕೆಲಸಕ್ಕೆ ಸಾಲುತ್ತವೆ.

ಅವಳು ಕಡ್ಡಿಮೈಕಿನದನ್ನು ಕೊಂಡಳು, ಮೊದಲಿನದರ ಅರ್ಧ ಬೆಲೆಗೆ. ಇಂಗ್ಲಿಷಿನಲ್ಲಿ ಅವಳಿಗೆ ತೊಡಕೇ ಇಲ್ಲವೆಂದು ನಾನು ಹೇಳಲಾರೆ, ತಡವರಿಸುವುದುಂಟು. ಆದರೆ “ಇನ್ನೊಮ್ಮೆ ಹೇಳಿ” ಎಂಬುದು ಬಹುಮಟ್ಟಿಗೆ ನಿಂತಿದೆಯಂತೆ, ಮೀಟಿಂಗಿನಲ್ಲಿ ಪ್ರಶ್ನೆಯನ್ನೂ ಕೇಳುತ್ತಾಳಂತೆ.

ತಮ್ಮನು ಈ ಜೂನಿನಲ್ಲಿ ನಮ್ಮ ಶಾಲೆಯ ಎಂಟನೆಯ ತರಗತಿಗೇ ಬಂದ. ಹಳೆಯ ಹೆಡ್‌ಸೆಟ್ ಅವನ ಪಾಲಾಗಿದೆ. ಊಟಕ್ಕೆ ಎಷ್ಟು ಕರೆದರೂ ಅವನಿಗೆ ಕೇಳಿಸುವುದಿಲ್ಲವೆಂಬುದು ಈಗ ಅವನ ತಾಯಿಯ ದೂರು.