ಬಿಸಿಲೂರಿಗೆ ಬಂದ ನೀರಿನ ನೆಂಟ

ಪ್ರೀತಿಯ ಮೊಮ್ಮಕ್ಕಳೇ,

ಈ ವಾರ ಗಾದಿಗನೂರಿನಿಂದ ಆರನೇ ತರಗತಿಯ ಹುಡುಗಿಯೊಬ್ಬಳ ಕಾಗದ ಬಂದಿದೆ. "ತಾತ, ಬೇಸಿಗೆ ರಜೆಗೆ ಬಂದ ಬೆಂಗಳೂರಿನ ಮಾವ ತಾವು ಸಾಕಿದ ಆಕ್ಸೊಲಾಟಲ್ ತಂದಿದ್ದಾರೆ. ನಮ್ಮ ಮೀನಿನ ತೊಟ್ಟಿಗೆ ಬಿಟ್ಟೆವು. ಮೀನು ಅದರ ಕಿವಿರು ಕಚ್ಚಿದೆ, ತುದಿ ಹರಿದಿದೆ. ಅಜ್ಜಿ ಅರಿಶಿನ ಹಚ್ಚೋಣ ಅಂತಾರೆ. ಅದು ಬದುಕುತ್ತದಾ?"

ಮಗಳೇ, ಅಷ್ಟು ಗಾಯಕ್ಕೆ ಹೆದರಬೇಡ. ಆಕ್ಸೊಲಾಟಲ್ ಕಪ್ಪೆಯ ದೂರದ ನೆಂಟ. ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕೆರೆ, ಕಾಲುವೆಗಳು ಅದರ ತವರು. ನಮಗೆ ಗಾಯವಾದರೆ ಮಾಯ್ದ ಮೇಲೂ ಕಲೆ ಉಳಿಯುತ್ತದೆ. ಅದಕ್ಕೆ ಹಾಗಲ್ಲ. ಗಾಯದ ಮೇಲೆ ಬೇಗನೆ ತೆಳು ಚರ್ಮ ಕೂಡುತ್ತದೆ. ಅದರಡಿ ಜೀವಕೋಶಗಳು ಮೊಗ್ಗಿನಂತೆ ಗುಂಪಾಗಿ, ಹೋದ ಭಾಗವನ್ನೇ ಮತ್ತೆ ಕಟ್ಟುತ್ತವೆ. ಕಾಲು ಹೋದರೂ ಮೂಳೆ, ಬೆರಳು ಸಮೇತ ಹೊಸ ಕಾಲು ಬರುತ್ತದೆ! ಹರಿದ ಕಿವಿರು ಕೆಲವು ವಾರಗಳಲ್ಲಿ ಬೆಳೆದೀತು.

ನೀನು ಮಾಡಬೇಕಾದ್ದು ಇಷ್ಟು. ಮೊದಲು ಅದನ್ನು ಮೀನಿನಿಂದ ಬೇರೆ ಮಾಡಿ, ಸ್ವಚ್ಛವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂಟಿಯಾಗಿ ಇಡು. ದಿನವೂ ನೀರು ಬದಲಿಸು. ನಲ್ಲಿ ನೀರಾದರೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿ ಹಾಕು. ಹೊಸ ನೀರೂ ಹಳೆಯದರಷ್ಟೇ ತಣ್ಣಗಿರಲಿ. ಕೈಯಿಂದ ಹಿಡಿಯಬೇಡ. ತಿನ್ನಲು ಎರೆಹುಳು ಕೊಡು, ಆದರೆ ಔಷಧಿ ಹೊಡೆದ ಹೊಲದ್ದು ಬೇಡ.

ಅಜ್ಜಿಗೊಂದು ಮಾತು: ಅಮ್ಮಾ, ನಮ್ಮ ಮೊಣಕಾಲಿಗೆ ನೀವು ಹಚ್ಚಿದ ಅರಿಶಿನದ ಋಣ ದೊಡ್ಡದು. ಆದರೆ ಇದರ ಚರ್ಮ ಬಹಳ ಮೆದು. ನೀರಿಗೆ ಬೆರೆತದ್ದೆಲ್ಲ ಮೈಯೊಳಕ್ಕೆ ಇಳಿಯುತ್ತದೆ. ಅರಿಶಿನ, ಮುಲಾಮು ಯಾವುದೂ ಬೇಡ. ಗಾಯದ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡರೆ, ಊಟ ಬಿಟ್ಟರೆ, ಪಶುವೈದ್ಯರನ್ನು ಕೇಳಿ.

ನನಗೆ ಹೆದರಿಕೆ ಇರುವುದು ನಿಮ್ಮೂರ ಬಿಸಿಲಿಗೆ. ಅದಕ್ಕೆ ಬೇಕಾದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್ ತಂಪಿನ ನೀರು. 24 ದಾಟಿದರೆ ಸುಸ್ತಾಗಿ ಕಾಯಿಲೆ ಬೀಳುತ್ತದೆ, ಗಾಯವೂ ಕೆಡುತ್ತದೆ. ಹೊಸಪೇಟೆ ಸೀಮೆಯ ಮೇ ತಿಂಗಳು ಗೊತ್ತಲ್ಲ, 40 ಡಿಗ್ರಿ! ಟಬ್ಬನ್ನು ನೆರಳಿನ ಕೋಣೆಯ ನೆಲದ ಮೇಲಿಡಿ. ಸುತ್ತ ಒದ್ದೆ ಗೋಣಿ ಸುತ್ತಿ, ಫ್ಯಾನ್ ಹಾಕಿ. ಮಡಕೆಯ ನೀರು ತಣ್ಣಗಾಗುವುದೂ ಹೀಗೇ, ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಮುಚ್ಚಳ ಬಿಗಿದ ಐಸ್ ಬಾಟಲಿಯನ್ನೂ ತೇಲಿಬಿಡಬಹುದು. ಒಮ್ಮೆಲೇ ತಣ್ಣಗಾಗದಂತೆ ಥರ್ಮಾಮೀಟರ್ ನೋಡುತ್ತಿರಿ.

ಆದರೆ ಇದು ಎರಡು ದಿನದ ಉಪಾಯ, ರಜೆಯುದ್ದಕ್ಕೂ ನಡೆಯದು. ಮಾವನಿಗೆ ಹೇಳು: ಬೇಗ, ತಂಪು ಹೊತ್ತಿನಲ್ಲಿ, ಅದನ್ನು ಅದರ ತಣ್ಣನೆ ತೊಟ್ಟಿಗೆ ಕರೆದೊಯ್ಯಲಿ. ನಿನಗೆ ಬೇಸರವಾಗುತ್ತದೆ, ಗೊತ್ತು. ಕಿವಿರು ಬೆಳೆದ ಮೇಲೆ ಮಾವ ಫೋಟೋ ಕಳಿಸುತ್ತಾರೆ. ಅದನ್ನು ನೋಡಿ ನನಗೊಂದು ಕಾಗದ ಬರಿ.

ನಿಮ್ಮ ತಾತ